ಊರಿನ ತಂಡ ಮತ್ತು ಊರಿನ ಬಯಲು

ಊರಿನ ಆಟದ ತಂಡವೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಆಟಗಾರರ ಹೆಸರು, ಗೆದ್ದ ಪಂದ್ಯ, ತಂದ ಫಲಕಗಳಿಂದ ಆರಂಭಿಸುತ್ತಾರೆ. ಅದು ಸಹಜವೇ. ಆದರೆ ಅಂಥ ಚರಿತ್ರೆಯ ಮೊದಲ ಪುಟದಲ್ಲಿ ಇರಬೇಕಾದದ್ದು ಆಟಗಾರನಲ್ಲ, ನೆಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹಳ್ಳಿಗಳಲ್ಲಿ ವಿಚಾರಿಸಿದರೆ ‘ಹಿಂದೆ ನಮ್ಮಲ್ಲೊಂದು ಒಳ್ಳೆಯ ತಂಡವಿತ್ತು’ ಎನ್ನುವ ಹಿರಿಯರು ಸಿಗುತ್ತಾರೆ. ಅದೇಕೆ ನಿಂತಿತೆಂದು ಕೇಳಿದರೆ, ಹುಡುಗರೆಲ್ಲ ಬೆಂಗಳೂರು, ಮುಂಬಯಿ, ಗೋವಾ, ಕೊಲ್ಲಿ ನಾಡುಗಳ ಕಡೆ ಹೋದರು ಎಂಬುದು ಮೊದಲ ಉತ್ತರ. ತುಸು ಕೆದಕಿದರೆ ಎರಡನೆಯ ಉತ್ತರ ಹೊರಬೀಳುತ್ತದೆ: ‘ಆಡುವುದಕ್ಕೆ ಜಾಗವೇ ಉಳಿಯಲಿಲ್ಲ.’ ಮೊದಲ ಉತ್ತರದ ಬಗ್ಗೆ ನಾವು ಸಾಕಷ್ಟು ಚರ್ಚಿಸಿದ್ದೇವೆ. ಈ ಲೇಖನ ಎರಡನೆಯ ಉತ್ತರವನ್ನು ಕುರಿತದ್ದು.

ಪರಿಸರದ ಪತ್ರಿಕೆಯಲ್ಲಿ ಚೆಂಡಾಟದ ಮಾತೇಕೆ ಎಂದು ಓದುಗರು ಕೇಳಬಹುದು. ಕೆರೆ, ಗೋಮಾಳ, ಸೊಪ್ಪಿನಬೆಟ್ಟಗಳಂತೆ ಆಟದ ಬಯಲೂ ಊರೊಟ್ಟಿನ ಸೊತ್ತು ಎಂಬುದು ನನ್ನ ಉತ್ತರ. ಮಿಕ್ಕವು ಯಾವ ಕಾರಣದಿಂದ ಕಳೆದುಹೋಗುತ್ತಿವೆಯೋ ಅದೇ ಕಾರಣದಿಂದ ಇದೂ ಕಳೆದುಹೋಗುತ್ತಿದೆ. ಕೆರೆ ಹೂತರೆ ಬಾವಿ ಬತ್ತಿ ತಿಳಿಯುತ್ತದೆ. ಬೆಟ್ಟ ಬೋಳಾದರೆ ತೋಟಕ್ಕೆ ಸೊಪ್ಪಿಲ್ಲದೆ ತಿಳಿಯುತ್ತದೆ. ಬಯಲು ಹೋದರೆ ಮಾತ್ರ ಯಾರಿಗೂ ತಿಳಿಯುವುದಿಲ್ಲ, ಮಕ್ಕಳು ಮನೆಯೊಳಗೆ ಸೇರಿಕೊಳ್ಳುತ್ತಾರೆ, ಅಷ್ಟೇ.

ಅಳತೆಯ ಮಾತು

ಮೊದಲು ಒಂದು ಸರಳ ಲೆಕ್ಕ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. 130 ಚದರ ಮೀಟರ್. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. 162 ಚದರ ಮೀಟರ್. ಅಂತಾರಾಷ್ಟ್ರೀಯ ಪಂದ್ಯಗಳ ಫುಟ್‌ಬಾಲ್ ಅಂಗಳ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. 7,140 ಚದರ ಮೀಟರ್, ಎಂದರೆ ಸುಮಾರು 1 ಎಕರೆ 30 ಗುಂಟೆ. ಆಟದ ನಿಯಮಗಳು ಒಪ್ಪುವ ಅತಿ ಚಿಕ್ಕ ಅಂಗಳವೂ, 90 ಮೀಟರಿಗೆ 45 ಮೀಟರಿನದು, ಹೆಚ್ಚುಕಡಿಮೆ ಸರಿಯಾಗಿ ಒಂದು ಎಕರೆ. ಒಂದು ಪೂರ್ಣ ಫುಟ್‌ಬಾಲ್ ಅಂಗಳದಲ್ಲಿ ನಲವತ್ತನಾಲ್ಕು ವಾಲಿಬಾಲ್ ಅಂಕಣಗಳು ಹಿಡಿಯುತ್ತವೆ.

ನಮ್ಮ ಮೂರು ತಾಲ್ಲೂಕುಗಳ ನಕಾಶೆಯ ಮೇಲೆ ಈ ಲೆಕ್ಕವನ್ನಿಟ್ಟು ನೋಡಬೇಕು. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ನಡುವೆ ಕಿರಿದಾದ ಪಟ್ಟಿಯಷ್ಟು ಸಮತಟ್ಟು ನೆಲ. ಆ ಪಟ್ಟಿಯಲ್ಲೇ ಗದ್ದೆ, ತೆಂಗಿನ ತೋಟ, ಮನೆ, ಪೇಟೆ, ಅದರಲ್ಲೇ ಹೆದ್ದಾರಿ, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗವೂ ಅದರಲ್ಲೇ. ಇಂಥ ನೆಲದಲ್ಲಿ ಎಕರೆಗಟ್ಟಲೆ ಬಯಲನ್ನು ಆಟಕ್ಕೆಂದೇ ಇಟ್ಟುಕೊಳ್ಳುವುದು ಹಳ್ಳಿಗೆ ಸುಲಭವಲ್ಲ. ಉತ್ತರಕ್ಕೆ ಗೋವಾದಲ್ಲಿಯೂ ದಕ್ಷಿಣಕ್ಕೆ ಕಾಸರಗೋಡಿನಲ್ಲಿಯೂ ಫುಟ್‌ಬಾಲ್ ಊರೂರಿನ ಆಟವಾಗಿರುವಾಗ, ನಡುವಿನ ನಮ್ಮ ಹಳ್ಳಿಗಳಲ್ಲಿ ಕಬಡ್ಡಿ, ವಾಲಿಬಾಲುಗಳೇ ಹೆಚ್ಚು ಬೇರೂರಿರುವುದಕ್ಕೆ ಅನೇಕ ಕಾರಣಗಳಿರಬಹುದು. ನೆಲದ ಅಳತೆಯೂ ಅವುಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ. ಹಿತ್ತಿಲಲ್ಲಿ, ದೇವಸ್ಥಾನದ ಅಂಗಳದಲ್ಲಿ, ಗದ್ದೆಯ ಒಂದು ಮೂಲೆಯಲ್ಲಿ ಹಿಡಿಸುವ ಆಟವನ್ನು ಊರು ಆರಿಸಿಕೊಂಡಿತು.

ಬಯಲನ್ನು ಕಟ್ಟಿದವರು ಯಾರು?

ಆದರೂ ದೊಡ್ಡ ಆಟಗಳು ನಮ್ಮಲ್ಲಿ ನಡೆದಿವೆ, ಹಾಗಾದರೆ ಎಲ್ಲಿ? ಕೊಯಿಲು ಮುಗಿದ ಗದ್ದೆಯಲ್ಲಿ. ಮಳೆಗಾಲದ ಬತ್ತ ಮನೆ ಸೇರಿದ ಮೇಲೆ ಕೂಳೆ ನಿಂತ ಗದ್ದೆಗಳಿಗೆ ದನಗಳು ಇಳಿಯುತ್ತವೆ. ವಾರವೆರಡು ವಾರಗಳಲ್ಲಿ ಕೂಳೆ ಸವೆದು, ಬದುವಿನ ಹುಲ್ಲು ನೆಲಮಟ್ಟಕ್ಕೆ ಬಂದು, ನೆಲ ಚಪ್ಪಟೆಯಾಗುತ್ತದೆ. ಮಣ್ಣಿನ ಶಾಸ್ತ್ರದ ಕಡೆಯಿಂದ ನೋಡಿದರೆ ಇದೊಂದು ಸೊಗಸಾದ ಕ್ರಮ. ನಾಟಿಗಾಗಿ ಕೆಸರು ಕಲಸಿದ ಮಣ್ಣು ತನ್ನ ಹರಳುಗಳನ್ನು ಕಳೆದುಕೊಂಡು ಒಣಗಿದಾಗ ಬಿಗಿಯುತ್ತದೆ; ಅದರಡಿಯಲ್ಲಿ ವರ್ಷವರ್ಷದ ಉಳುಮೆಯಿಂದ ಗಟ್ಟಿಯಾದ ಒಂದು ಪದರವಿರುತ್ತದೆ. ಚೆಂಡು ಪುಟಿಯುವುದಕ್ಕೆ ಬೇಕಾದ ನೆಲವನ್ನು ನೇಗಿಲೇ ಸಿದ್ಧಮಾಡಿ ಕೊಡುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಕೆಲಸವನ್ನು ದನದ ಬಾಯಿ ಮಾಡುತ್ತದೆ.

ಅದೇ ಗದ್ದೆಯಲ್ಲೇ ಅಲ್ಲವೆ, ರಾತ್ರಿ ರಂಗಸ್ಥಳ ಕಟ್ಟಿ ಯಕ್ಷಗಾನ ನಡೆಯುವುದು? ಹಗಲು ಹುಡುಗರ ಚೆಂಡು, ರಾತ್ರಿ ಭಾಗವತರ ಹಾಡು. ನಾವು ಆ ಕಲೆಯನ್ನು ‘ಬಯಲಾಟ’ವೆಂದೇ ಕರೆಯುತ್ತೇವೆ, ಹೆಸರಿನಲ್ಲಿಯೇ ಅದರ ನೆಲದ ಗುರುತಿದೆ. 1934ರಲ್ಲಿ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ಚರಿತ್ರೆ ಬರಹದಲ್ಲಿ ಉಳಿದಿದೆ. ಅದೇ ತಾಲ್ಲೂಕಿನ ಗದ್ದೆಗಳಲ್ಲಿ ಆಡಿದ ಚೆಂಡಾಟದ ತಂಡಗಳಿಗೆ ಅಂಥ ಚರಿತ್ರಕಾರರು ದೊರೆತದ್ದು ಕಡಿಮೆ. ಆದರೆ ಮೇಳಕ್ಕೂ ತಂಡಕ್ಕೂ ಆಧಾರವಾಗಿದ್ದದ್ದು ಒಂದೇ ವ್ಯವಸ್ಥೆ: ಬೆಳೆಯಿರುವಾಗ ಗದ್ದೆ ಒಡೆಯನದು, ಬೆಳೆ ತೆಗೆದ ಮೇಲೆ ಕೆಲವು ತಿಂಗಳು ಊರಿನದು ಎಂಬ ಬಾಯಿಮಾತಿನ ಒಪ್ಪಂದ. ಅದಕ್ಕೆ ಕಾಗದವಿರಲಿಲ್ಲ, ಬಾಡಿಗೆಯಿರಲಿಲ್ಲ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ನಮ್ಮ ಆಟದ ಬಯಲು ಕ್ರೀಡಾ ಇಲಾಖೆಯ ನಿರ್ಮಾಣವಲ್ಲ, ಕೃಷಿಯ ಉಪ ಉತ್ಪನ್ನ. ಆದ್ದರಿಂದಲೇ ಕೃಷಿ ಸೊರಗಿದಾಗ ಬಯಲೂ ಸೊರಗುತ್ತದೆ. ಬೇಸಾಯ ನಿಂತರೆ ಗದ್ದೆ ಖಾಲಿಯಾಗಿ ಆಟಕ್ಕೆ ಇನ್ನಷ್ಟು ಜಾಗ ಸಿಗಬೇಕಲ್ಲವೆ ಎಂದು ತೋರಬಹುದು. ಆಗುವುದು ತಿರುಗುಮುರುಗು. ಬೀಳುಬಿಟ್ಟ ಗದ್ದೆಗೆ ಎರಡೇ ವರ್ಷಗಳಲ್ಲಿ ಮುಟ್ಟಿದರೆ ಮುನಿ, ಕಮ್ಯುನಿಸ್ಟ್ ಗಿಡಗಳು ನುಗ್ಗುತ್ತವೆ. ಕೊಟ್ಟಿಗೆಯಲ್ಲಿ ದನವಿಲ್ಲದ ಕಾರಣ ಮೇಯುವವರೂ ಇಲ್ಲ. ಕೊನೆಗೆ ಮಣ್ಣು ತುಂಬಿ ನಿವೇಶನವಾಗುತ್ತದೆ. ಉಳುವವನು ಇರುವ ತನಕ ಮಾತ್ರ ಆಡುವವನಿಗೆ ಬಯಲು.

ಬಯಲು ಇದ್ದಲ್ಲಿ ಆಟ ಬೆಳೆದದ್ದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಬೆಂಗಳೂರಿನ ಫುಟ್‌ಬಾಲ್ ಚಿಗುರಿದ್ದು ಬ್ರಿಟಿಷರ ದಂಡುಪ್ರದೇಶದ ಕವಾಯತು ಮೈದಾನಗಳ ಸುತ್ತ. ಸೈನಿಕರಿಗೆಂದು ಬಿಟ್ಟ ಬಯಲುಗಳ ಅಂಚಿನಲ್ಲಿ ಬೆಳೆದ ಹುಡುಗರು ಆ ಆಟವನ್ನು ತಮ್ಮದಾಗಿಸಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು, ಆ ಪಂದ್ಯಾವಳಿಯಲ್ಲಿ ಸೈನ್ಯದ ತಂಡಗಳ ಪಾರುಪತ್ಯವನ್ನು ಮುರಿಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಂದಿನ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ.

ಗುಡ್ಡದ ಮೇಲಿನ ಒಂದು ತಂಡ

ದಂಡುಪ್ರದೇಶದ ಮಾತು ನಗರಕ್ಕೆ ಸೇರಿತು. ಒಂದು ಸಣ್ಣ ಊರು ಫುಟ್‌ಬಾಲ್ ತಂಡವನ್ನು ತಲೆಮಾರುಗಳ ಕಾಲ ಉಳಿಸಿಕೊಳ್ಳುವುದು ಹೇಗೆಂದು ನೋಡಲು, ಆ ಆಟದ ತವರಾದ ಇಂಗ್ಲೆಂಡಿನ ಗ್ರಾಮಾಂತರಕ್ಕೆ ಹೋಗಬೇಕು. ಗ್ಲಾಸ್ಟರ್‌ಶೈರ್ ಪ್ರಾಂತ್ಯದಲ್ಲಿ ನೇಲ್ಸ್‌ವರ್ತ್ ಎಂಬ ಊರಿದೆ. ಕಣಿವೆಯ ತೊರೆಗಳ ನೀರಿನಿಂದ ಉಣ್ಣೆಬಟ್ಟೆಯ ಗಿರಣಿಗಳನ್ನು ನಡೆಸಿದ ಊರು. ಜನಸಂಖ್ಯೆ ಆರು ಸಾವಿರದ ಆಸುಪಾಸು. ಅದರ ಮೇಲಿನ ಗುಡ್ಡದ ಕೇರಿಯ ಹೆಸರು ಫಾರೆಸ್ಟ್ ಗ್ರೀನ್. ಅಲ್ಲಿಯ ಚರ್ಚಿನ ಪಾದ್ರಿ ಎಡ್ವರ್ಡ್ ಪೀಚ್ ಎಂಬವರು 1889ರಲ್ಲಿ ಕಟ್ಟಿದ ತಂಡವೇ ಫಾರೆಸ್ಟ್ ಗ್ರೀನ್ ರೋವರ್ಸ್.

ಸುಮಾರು ನೂರು ವರ್ಷ ಈ ತಂಡ ನೆರೆಹೊರೆಯ ಊರುಗಳ ಜತೆ ಆಡುತ್ತಿದ್ದ ಸಾಧಾರಣ ತಂಡವಾಗಿತ್ತು. 1982ರಲ್ಲಿ ಸಣ್ಣ ತಂಡಗಳಿಗಾಗಿ ನಡೆಯುವ ಎಫ್‌ಎ ವೇಸ್ ಪಂದ್ಯಾವಳಿಯನ್ನು ವೆಂಬ್ಲಿಯಲ್ಲಿ ಗೆದ್ದದ್ದು ಅದರ ಮೊದಲ ದೊಡ್ಡ ಯಶಸ್ಸು. ಅನಂತರದ ಒಂದು ಘಟನೆ ನಮಗೆ ಬೋಧಪ್ರದವಾದುದು. 1989ರಲ್ಲಿ ತಂಡದವರು, ಸಣ್ಣ ಊರಿನ ಹೆಸರು ಯಾರಿಗೂ ತಿಳಿಯದೆಂದು ಭಾವಿಸಿದರೋ ಏನೋ, ಹತ್ತಿರದ ಪಟ್ಟಣವಾದ ಸ್ಟ್ರೌಡಿನ ಹೆಸರನ್ನು ಇಟ್ಟುಕೊಂಡರು. ಆ ಹೆಸರು ಊರಿಗೆ ಒಗ್ಗಲಿಲ್ಲ. 1992ರಲ್ಲಿ ಹಳೆಯ ಹೆಸರಿಗೇ ಮರಳಿದರು. ಊರಿನ ಹೆಸರು ಕಳೆದುಕೊಂಡ ತಂಡಕ್ಕೆ ಊರೂ ಇರುವುದಿಲ್ಲ, ಪಟ್ಟಣವೂ ಸಿಗುವುದಿಲ್ಲ.

2010ರಲ್ಲಿ ತಂಡ ಸಾಲದಲ್ಲಿ ಮುಳುಗುವ ಹಂತದಲ್ಲಿದ್ದಾಗ, ಗಾಳಿಯಿಂದ ವಿದ್ಯುತ್ ಉತ್ಪಾದಿಸುವ ಸಂಸ್ಥೆಯೊಂದನ್ನು ಸ್ಟ್ರೌಡಿನಲ್ಲಿ ನಡೆಸುತ್ತಿದ್ದ ಡೇಲ್ ವಿನ್ಸ್ ಅದರ ಹೊಣೆ ಹೊತ್ತರು. ಮುಂದಿನ ಬದಲಾವಣೆಗಳು ಪತ್ರಿಕೆಗಳಲ್ಲಿ ಸಾಕಷ್ಟು ಬಂದಿವೆ: ಪ್ರೇಕ್ಷಕರ ಚಾವಣಿಯ ಮೇಲೆ ಸೌರಫಲಕಗಳು, ಸೌರಶಕ್ತಿಯಿಂದ ತಾನೇ ಓಡಾಡಿ ಹುಲ್ಲು ಕತ್ತರಿಸುವ ಯಂತ್ರ, 2015ರಿಂದ ಪೂರ್ಣ ಸಸ್ಯಜನ್ಯ ಆಹಾರ, ಬಿದಿರಿನ ನಾರು ಬೆರೆಸಿದ ಉಡುಪು. 2018ರಲ್ಲಿ ವಿಶ್ವಸಂಸ್ಥೆ ಇದನ್ನು ಇಂಗಾಲದ ಲೆಕ್ಕ ಸರಿದೂಗಿಸಿದ ಮೊದಲ ಫುಟ್‌ಬಾಲ್ ತಂಡವೆಂದು ಗುರುತಿಸಿತು. 2017ರ ಮೇ ತಿಂಗಳಲ್ಲಿ ಟ್ರಾನ್‌ಮಿಯರ್ ತಂಡವನ್ನು 3–1ರಿಂದ ಸೋಲಿಸಿ ಅದು ಇಂಗ್ಲೆಂಡಿನ ವೃತ್ತಿಪರ ಲೀಗಿಗೆ ಏರಿತು. ಅಷ್ಟು ಸಣ್ಣ ಊರಿನ ತಂಡ ಆ ಮಟ್ಟಕ್ಕೆ ಹಿಂದೆಂದೂ ಏರಿರಲಿಲ್ಲ.

ಕೃಷಿವಿಜ್ಞಾನದ ವಿದ್ಯಾರ್ಥಿಯಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಸೌರಫಲಕವೂ ಅಲ್ಲ, ಊಟದ ಪಟ್ಟಿಯೂ ಅಲ್ಲ, ಅವರ ಹುಲ್ಲು. ಆಟದ ಅಂಗಳದ ಹುಲ್ಲನ್ನು ಸಾಮಾನ್ಯವಾಗಿ ಸಾಕುವ ಕ್ರಮ ರಾಸಾಯನಿಕ ಕೃಷಿಯ ಅತಿರೇಕದ ರೂಪ: ಸಾರಜನಕದ ಗೊಬ್ಬರ, ಕಳೆನಾಶಕ, ಶಿಲೀಂಧ್ರನಾಶಕ, ಎರೆಹುಳು ನೆಲದ ಮೇಲೆ ಮಣ್ಣು ಹೊರಹಾಕದಂತೆ ಅದಕ್ಕೂ ಒಂದು ವಿಷ. ಈ ತಂಡದವರು ಕೀಟನಾಶಕ, ಕಳೆನಾಶಕಗಳನ್ನು ಬಿಟ್ಟು, ಕಡಲಪಾಚಿಯಂಥ ಸಾವಯವ ಪೋಷಕಗಳಿಂದ ಹುಲ್ಲು ಬೆಳೆಸಿ, ಅಂಗಳದಡಿ ಇಳಿದ ಮಳೆನೀರನ್ನು ಹಿಡಿದು ಮತ್ತೆ ಅದಕ್ಕೇ ಉಣಿಸಿದರು. ವೃತ್ತಿಪರ ಪಂದ್ಯದ ಕಾಲ್ತುಳಿತವನ್ನು ವಿಷವಿಲ್ಲದ ಹುಲ್ಲು ತಡೆದುಕೊಂಡಿತು. ಹಾಗಾದರೆ ನಮ್ಮ ಶಾಲೆಯ ಅಂಗಳದ ಹುಲ್ಲಿಗೆ ಕಳೆನಾಶಕ ಸಿಂಪಡಿಸುವುದಕ್ಕೆ ಯಾವ ಸಮರ್ಥನೆಯಿದೆ?

ನಮಗೆ ಕಡಲಪಾಚಿಯನ್ನೂ ತರಿಸಬೇಕಾಗಿಲ್ಲ. ಬೆಚ್ಚಗಿನ ನಾಡುಗಳ ದೊಡ್ಡ ಕ್ರೀಡಾಂಗಣಗಳಲ್ಲಿ ‘ಬರ್ಮುಡಾ ಹುಲ್ಲು’ ಎಂಬ ಹೆಸರಿನಲ್ಲಿ ಬೆಳೆಸುವುದು ಬೇರೇನೂ ಅಲ್ಲ, ಸೈನೊಡಾನ್ ಡ್ಯಾಕ್ಟಿಲಾನ್, ನಮ್ಮ ಗರಿಕೆ. ಇಡಗುಂಜಿಯ ಗಣಪತಿಗೆ ಏರಿಸುವ ಗರಿಕೆಯೇ ಅದು, ಅಥವಾ ಅದರ ಮಿಶ್ರತಳಿ. ತುಳಿದಷ್ಟೂ ನೆಲಕ್ಕೆ ಅಂಟಿಕೊಂಡು, ಗೆಣ್ಣುಗೆಣ್ಣಿಗೆ ಬೇರೂರಿ, ಮಳೆಯಲ್ಲಿ ಮಣ್ಣನ್ನು ಹಿಡಿದು, ಬೇಸಗೆಯಲ್ಲಿ ಸತ್ತಂತೆ ಬಿದ್ದಿದ್ದು ಮೊದಲ ಮಳೆಗೆ ಎದ್ದುಬರುವ ಈ ಹುಲ್ಲು ನಮ್ಮ ಬದುಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಈ ಕಥೆಯನ್ನು ಪೂರ್ಣ ಆದರ್ಶವೆಂದು ತಂದು ಪೂಜಿಸಬೇಕಾಗಿಲ್ಲ. ಒಬ್ಬ ಉದ್ಯಮಿಯ ಹಣದ ಮೇಲೆ ನಿಂತ ಹಸಿರು ಎಷ್ಟು ಕಾಲ ಬಾಳೀತು ಎಂಬುದು ನ್ಯಾಯವಾದ ಪ್ರಶ್ನೆ. ಅಂಥ ಹಸಿರು ಅರ್ಧ ಜಾಹೀರಾತೂ ಆಗಿರುತ್ತದೆ. ತಂಡ 2023ರಲ್ಲಿ ಒಂದು ಮೆಟ್ಟಿಲು, 2024ರಲ್ಲಿ ಇನ್ನೊಂದು ಮೆಟ್ಟಿಲು ಇಳಿದು ವೃತ್ತಿಪರ ಲೀಗಿನಿಂದ ಹೊರಬಿತ್ತು. ಮರದಿಂದಲೇ ಕಟ್ಟುವ ಹೊಸ ಕ್ರೀಡಾಂಗಣವೊಂದನ್ನು ಹೆದ್ದಾರಿಯ ಬದಿಯ ಹಸಿರು ಹೊಲದಲ್ಲಿ ಎಬ್ಬಿಸುವ ಯೋಜನೆಯನ್ನು ಸ್ಥಳೀಯ ಆಡಳಿತ 2019ರ ಜೂನಿನಲ್ಲಿ ತಿರಸ್ಕರಿಸಿ, ಅದೇ ಡಿಸೆಂಬರಿನಲ್ಲಿ ಪರಿಷ್ಕೃತ ರೂಪದಲ್ಲಿ ಒಪ್ಪಿತು. ಹಸಿರು ಕ್ರೀಡಾಂಗಣವೂ ಕೊನೆಗೆ ಕೇಳುವುದು ಹೊಲವನ್ನೇ ಎಂಬ ಪಾಠ ನಮಗೆ ಬೇಕಾದದ್ದು. ಆದರೆ ಉದ್ಯಮಿ ಬರುವ ಮುನ್ನ ನೂರಿಪ್ಪತ್ತು ವರ್ಷ ಆ ತಂಡ ಉಳಿದದ್ದು ಯಾರ ಹಣದಿಂದಲೂ ಅಲ್ಲ. ಊರಿಗೊಂದು ಆಡುವ ನೆಲವಿತ್ತು. ಅದನ್ನು ಊರು ಬಿಡಲಿಲ್ಲ.

ಕಾಯಿದೆಯ ಪಟ್ಟಿಯಲ್ಲಿ ಬಯಲಿಲ್ಲ

ಇಂಗ್ಲೆಂಡಿನ ಕೃಷಿಚರಿತ್ರೆಯನ್ನು ಓದಿದವರಿಗೆ ತಿಳಿದಿರುವಂತೆ, ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಲ್ಲಿಯ ಊರೊಟ್ಟಿನ ನೆಲಗಳಿಗೆ ಬೇಲಿ ಬಿತ್ತು. ದನ ಮೇಯಿಸುವ ಹಕ್ಕಿನೊಂದಿಗೆ ಆಡುವ ಹಕ್ಕೂ ಹೋಯಿತು. ಆ ನಷ್ಟದ ನೆನಪಿನಿಂದಲೇ ಆ ದೇಶದಲ್ಲಿ ಒಂದು ವಿಶಿಷ್ಟ ಕಾನೂನು ಬೆಳೆದಿದೆ. 2006ರ ಕಾಮನ್ಸ್ ಆಕ್ಟಿನ ಪ್ರಕಾರ, ಒಂದು ನೆಲದಲ್ಲಿ ಊರಿನವರು ಬಲಾತ್ಕಾರವಿಲ್ಲದೆ, ಗುಟ್ಟಿಲ್ಲದೆ, ಯಾರ ಅಪ್ಪಣೆಯನ್ನೂ ಬೇಡದೆ 20 ವರ್ಷ ಆಟವಿನೋದಗಳಲ್ಲಿ ತೊಡಗಿದ್ದರೆಂದು ರುಜುವಾತಾದರೆ ಅದನ್ನು ‘ಊರ ಹಸಿರು’ ಎಂದು ದಾಖಲಿಸಬಹುದು. ದಾಖಲಾದ ನೆಲದಲ್ಲಿ ಕಟ್ಟಡ ಏಳುವಂತಿಲ್ಲ. 2013ರಲ್ಲಿ ಇನ್ನೊಂದು ಕಾಯಿದೆ ಈ ಹಕ್ಕನ್ನು ಸಾಕಷ್ಟು ಮೊಟಕುಗೊಳಿಸಿದೆ. ಆದರೂ ಮೂಲತತ್ತ್ವ ನಿಂತಿದೆ: ಆಡಿದ್ದೇ ಹಕ್ಕಿನ ಪುರಾವೆ.

ನೆಲ ಕೊಡದಿರುವುದೇ ಆಟವನ್ನು ಕೊಲ್ಲುವ ಸುಲಭ ವಿಧಾನ ಎಂಬುದಕ್ಕೂ ಅಲ್ಲಿಯದೇ ಸಾಕ್ಷ್ಯವಿದೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನಲ್ಲಿ ನಡೆದ ಮಹಿಳೆಯರ ಪಂದ್ಯಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷ ಅಲ್ಲಿಯ ಫುಟ್‌ಬಾಲ್ ಸಂಸ್ಥೆ ಮಹಿಳೆಯರ ಆಟವನ್ನು ನಿಲ್ಲಿಸಲು ಹುಡುಕಿದ ದಾರಿ ಯಾವುದು? ಸದಸ್ಯ ತಂಡಗಳು ತಮ್ಮ ಮೈದಾನಗಳನ್ನು ಅವರಿಗೆ ಕೊಡಬಾರದು ಎಂಬ ಆಜ್ಞೆ. ಅಷ್ಟರಿಂದಲೇ ಸುಮಾರು ಅರ್ಧ ಶತಮಾನ ಆ ಆಟ ಮೂಲೆಗುಂಪಾಯಿತು. ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಗೆ ಯಾರೂ ಅಂಥ ಆಜ್ಞೆ ಹೊರಡಿಸಿಲ್ಲ. ಶಾಲೆಯ ಅಂಗಳವೊಂದನ್ನು ಬಿಟ್ಟರೆ ಅವರು ನಿರ್ಭಯವಾಗಿ ಓಡಬಹುದಾದ ನೆಲವನ್ನೂ ಯಾರೂ ಉಳಿಸಿಲ್ಲ.

ಈಗ ನಮ್ಮ ಕಾಯಿದೆಗಳ ಕಡೆ ನೋಡೋಣ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿ, ನಗರಾಡಳಿತಗಳ ಕೆಲಸಗಳ ಪಟ್ಟಿಯಲ್ಲಿ ಉದ್ಯಾನ, ತೋಟಗಳ ಜತೆ ಆಟದ ಮೈದಾನವನ್ನು ಹೆಸರಿಸಿ ಹೇಳುತ್ತದೆ. 73ನೆಯ ತಿದ್ದುಪಡಿಯ ಹನ್ನೊಂದನೆಯ ಅನುಸೂಚಿ ಪಂಚಾಯತಿಗಳಿಗೆ 29 ವಿಷಯಗಳನ್ನು ಕೊಡುತ್ತದೆ. ಅದರಲ್ಲಿ ಮೇವಿದೆ, ಸಂತೆಯಿದೆ, ಗ್ರಂಥಾಲಯವಿದೆ, ಆಟದ ಮೈದಾನವಿಲ್ಲ. ಹಳ್ಳಿಯೆಂದರೆ ಸುತ್ತಲೂ ಬಯಲಿದ್ದೇ ಇರುತ್ತದೆ, ಅದನ್ನು ಬೇರೆ ಹೆಸರಿಸಬೇಕೆ ಎಂದು ಬರೆದವರು ಭಾವಿಸಿರಬೇಕು. ಅರಣ್ಯದಂಚಿನ ಹಳ್ಳಿಗಳಿಗೆ ಸಂಬಂಧಿಸಿದ 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ, ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಬಳಸಬಹುದಾದ 13 ಸೌಲಭ್ಯಗಳ ಪಟ್ಟಿಯಿದೆ: ಶಾಲೆ, ಆಸ್ಪತ್ರೆ, ಅಂಗನವಾಡಿ, ರಸ್ತೆ, ಸಮುದಾಯ ಭವನ. ಅಲ್ಲಿಯೂ ಆಟದ ಬಯಲಿಲ್ಲ. ಮೈದಾನಕ್ಕಾಗಿ ಕಾಡು ಕಡಿಯಿರಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಎರಡು ಪಟ್ಟಿಗಳಲ್ಲಿಯೂ ಇಲ್ಲದ್ದು ಕಡತದಲ್ಲಿಯೂ ಇರುವುದಿಲ್ಲ, ಕಡತದಲ್ಲಿ ಇಲ್ಲದ್ದು ಒಂದು ದಿನ ನೆಲದ ಮೇಲೂ ಇರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ. ಇದು ನಮಗಿರುವ ಒಂದು ಗಟ್ಟಿಯಾದ ಆಸರೆ. ಆದರೆ ಮಲೆನಾಡು, ಕರಾವಳಿಗಳಲ್ಲಿ ಮಕ್ಕಳ ಸಂಖ್ಯೆ ಇಳಿದು ಸರಕಾರಿ ಶಾಲೆಗಳಿಗೆ ಬೀಗ ಬೀಳುತ್ತಿರುವ ಕಾಲವಿದು. ಶಾಲೆ ಮುಚ್ಚಿದಾಗ ಕಟ್ಟಡದ ಗತಿಯೇನೆಂದು ನಾವು ಕೇಳುತ್ತೇವೆ. ಅದರ ಮುಂದಿನ ಬಯಲಿನ ಗತಿಯೇನೆಂದು ಕೇಳುವುದಿಲ್ಲ.

ಮೂರು ತಾಲ್ಲೂಕುಗಳ ಬಯಲುಗಳು

ಕೃಷಿ ಮಾಡದ, ಕಾಡೂ ಅಲ್ಲದ ತೆರೆದ ನೆಲವೆಲ್ಲ ‘ಪಾಳು’ ಎಂಬ ತಪ್ಪು ಕಲ್ಪನೆ ನಮ್ಮ ಆಡಳಿತದಲ್ಲಿ ಆಳವಾಗಿ ಕೂತಿದೆ. ಭಟ್ಕಳ, ಹೊನ್ನಾವರಗಳ ಜಂಬಿಟ್ಟಿಗೆಯ ಬೋಳುಗುಡ್ಡಗಳನ್ನೇ ನೋಡಿ. ಬೇಸಗೆಯಲ್ಲಿ ಕರಿಬಂಡೆಯಂತೆ ಕಾಣುವ ಆ ಬಯಲು ಮಳೆಗಾಲದಲ್ಲಿ ಕೀಟಾಹಾರಿ ಯುಟ್ರಿಕುಲೇರಿಯಾದಂಥ ಪುಟ್ಟ ಗಿಡಗಳ ಹೂವಿನಿಂದ ಮುಚ್ಚಿಹೋಗುತ್ತದೆ. ಅದರ ಬಿರುಕುಗಳಲ್ಲಿ ಇಂಗಿದ ನೀರು ಕೆಳಗಿನ ಬಾವಿಗಳಿಗೆ ಇಳಿಯುತ್ತದೆ. ಚಿರೆಕಲ್ಲಿನ ಗಣಿಗೆ ಅದು ಬರಿಯ ಕಲ್ಲು. ಕುಮಟಾದ ಅಘನಾಶಿನಿ ಅಳಿವೆಯ ಗಜನಿಗಳು ಉಪ್ಪುನೀರನ್ನು ತಾಳುವ ಕಗ್ಗ ಬತ್ತದ ತವರು. ಹಿಂದೊಮ್ಮೆ ತದಡಿಯಲ್ಲಿ 4,000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಬರಬೇಕಾಗಿತ್ತು. ಜನ ವಿರೋಧಿಸಿದ್ದರಿಂದ ಅದು ನಿಂತಿತು. 2024ರ ಜನವರಿಯಲ್ಲಿ ಅದೇ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಹೊನ್ನಾವರದ ಕಾಸರಕೋಡ ಟೊಂಕದ ಮರಳುಬಯಲು ಮೀನು ಒಣಗಿಸುವ ಹೆಂಗಸರ ಅಂಗಳ, ಕಡಲಾಮೆಗಳ ಹೆರಿಗೆಮನೆ. ಅಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಬೀದಿಗಿಳಿಯಬೇಕಾಯಿತು. ಇವೆಲ್ಲವೂ ಖಾಲಿ ಎಂದು ಕಂಡ ನೆಲಗಳೇ. ಆಟದ ಬಯಲು ಈ ಸಾಲಿನಲ್ಲಿ ತೀರ ಚಿಕ್ಕದು, ಆದ್ದರಿಂದಲೇ ತೀರ ಅನಾಥ.

ಬಯಲಿಗೆ ನೀರಿನ ಲೆಕ್ಕವೂ ಇದೆ. ನಮ್ಮ ಕರಾವಳಿಯ ವಾರ್ಷಿಕ ಮಳೆಯನ್ನು 3,500 ಮಿಲಿಮೀಟರ್ ಎಂದು ಹಿಡಿದರೆ, ಒಂದು ಫುಟ್‌ಬಾಲ್ ಅಂಗಳದ ಮೇಲೆ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಲೀಟರ್ ನೀರು ಬೀಳುತ್ತದೆ. ಗರಿಕೆ ಹೊದ್ದ ನೆಲ ಅದರಲ್ಲಿ ಗಣನೀಯ ಪಾಲನ್ನು ಕುಡಿಯುತ್ತದೆ. ಅದಕ್ಕೇ ಸಿಮೆಂಟು ಹಾಸಿದರೆ ಬಹುಪಾಲು ಚರಂಡಿಗೆ. ಈಚೆಗೆ ಕರಾವಳಿಯ ಪೇಟೆಗಳಿಗೂ ಬಂದಿರುವ, ಗಂಟೆಗಿಷ್ಟು ಎಂದು ಬಾಡಿಗೆ ಕೊಡುವ ‘ಟರ್ಫ್’ ಅಂಕಣಗಳ ಹಾಸು ಪ್ಲಾಸ್ಟಿಕ್ಕಿನದು. ಬಿಸಿಲಿಗೆ ಅದು ಸಹಜ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅಂಥ ಹಾಸಿನ ಎಳೆಗಳ ನಡುವೆ ತುಂಬುವ ರಬ್ಬರಿನ ಹರಳು ಮಣ್ಣು, ನೀರುಗಳಿಗೆ ಸೇರುತ್ತದೆಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ 2023ರಲ್ಲಿ ಅದರ ಮಾರಾಟವನ್ನು ಎಂಟು ವರ್ಷಗಳೊಳಗೆ ನಿಲ್ಲಿಸುವ ನಿಯಮ ಮಾಡಿತು. ಅವರು ಬಿಡುತ್ತಿರುವುದನ್ನು ನಾವು ಪ್ರಗತಿಯೆಂದು ಹಾಸುತ್ತಿದ್ದೇವೆ. ಹಣವಿದ್ದವನಿಗೆ ಗಂಟೆಯ ಲೆಕ್ಕದಲ್ಲಿ ಆಟ, ಇಲ್ಲದವನಿಗೆ ಬೇಲಿಯ ಹೊರಗಿನ ನೋಟ.

ಮಾಡಬೇಕಾದದ್ದು

ಆಟ ಬೆಳೆಸುವ ಉತ್ಸಾಹದಲ್ಲಿ ಕೃಷಿಯನ್ನು ಮರೆಯಬಾರದು. ಕುಮಟಾದ ಸಿಹಿ ಈರುಳ್ಳಿ ಬೆಳೆಯುವುದು ಮಳೆಗಾಲದ ಬತ್ತ ತೆಗೆದ ಗದ್ದೆಯಲ್ಲೇ. ಉದ್ದು, ಶೇಂಗಾ ಕೂಡ. ತೇವವಿರುವ, ಎರಡನೆಯ ಬೆಳೆ ಬರುವ ಗದ್ದೆಯನ್ನು ಪಂದ್ಯಾವಳಿಗಾಗಿ ಖಾಲಿ ಇರಿಸಿರೆಂದು ರೈತನನ್ನು ಕೇಳುವುದು ಅನ್ಯಾಯ. ಬೆಳೆ ಮೊದಲು, ಚೆಂಡು ಆಮೇಲೆ. ಆದ್ದರಿಂದಲೇ ಊರಿಗೆ ತನ್ನದೇ ಆದ ಬಯಲು ಬೇಕು.

ಅದಕ್ಕೆ ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 71ನೆಯ ಕಲಮು, ಸರಕಾರಿ ಭೂಮಿಯನ್ನು ಗೋಮಾಳಕ್ಕೆ, ಅರಣ್ಯಕ್ಕೆ, ಅಥವಾ ಬೇರೆ ಸಾರ್ವಜನಿಕ ಉದ್ದೇಶಕ್ಕೆ ಮೀಸಲಿಡುವ ಅಧಿಕಾರವನ್ನು ಕೊಡುತ್ತದೆ. ಹೀಗೆ ಮೀಸಲಿಟ್ಟ ನೆಲವನ್ನು ಬೇರೆ ಕೆಲಸಕ್ಕೆ ತಿರುಗಿಸುವುದು ಅಷ್ಟು ಸುಲಭವಲ್ಲ. ಊರೊಟ್ಟಿನ ನೆಲಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ, ಪಂಜಾಬಿನ ಒಂದು ಕೆರೆಯ ಪ್ರಕರಣದಲ್ಲಿ, ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಮಾಡಬೇಕಾದ ಕೆಲಸ ಗ್ರಾಮಸಭೆಯಲ್ಲಿ ಆರಂಭವಾಗಬೇಕು. ಊರಿನ ಮಕ್ಕಳು ಎಲ್ಲೆಲ್ಲಿ ಆಡುತ್ತಾರೆ, ಆ ನೆಲದ ಸರ್ವೆ ನಂಬರು ಯಾವುದು, ಪಹಣಿಯಲ್ಲಿ ಏನೆಂದಿದೆ ಎಂಬ ಪಟ್ಟಿ ಮೊದಲು ಸಿದ್ಧವಾಗಲಿ. ಎಷ್ಟು ವರ್ಷದಿಂದ ಆಡುತ್ತಿದ್ದಾರೆಂದು ಹಿರಿಯರ ಹೇಳಿಕೆ ಬರೆದಿಡಲಿ. ಊರಿನ ತಂಡದ ಚರಿತ್ರೆ ಇಲ್ಲಿ ಬರಿಯ ನೆನಪಾಗಿ ಉಳಿಯದೆ ದಾಖಲೆಯಾಗುತ್ತದೆ. ಸರಕಾರಿ ನೆಲವಾದರೆ ಠರಾವು ಮಾಡಿ ಮೀಸಲಿಗೆ ಬರೆಯಲಿ. ಮುಚ್ಚಿದ ಶಾಲೆಯ ಅಂಗಳ ಮಕ್ಕಳ ಆಟಕ್ಕೇ ಉಳಿಯಬೇಕೆಂದು ಈಗಲೇ ಕೇಳಲಿ.

ಬಯಲು ದೊರೆತ ಮೇಲೆ ಅದನ್ನು ‘ಅಭಿವೃದ್ಧಿ’ಯಿಂದಲೂ ಕಾಪಾಡಬೇಕು. ಸಿಮೆಂಟಿನ ಗ್ಯಾಲರಿ, ಕಮಾನು, ಫಲಕ ಬೇಡ. ನೀರು ಹರಿಯಲು ಸುತ್ತ ಒಂದು ಕಾಲುವೆ, ಕೊನೆಯಲ್ಲಿ ಒಂದು ಇಂಗುಗುಂಡಿ, ಅಂಚಿಗೆ ನೆರಳಿನ ನಾಲ್ಕು ಮರ, ನೆಲಕ್ಕೆ ಗರಿಕೆ, ವರ್ಷಕ್ಕೊಮ್ಮೆ ಕಳಿತ ಸಗಣಿಗೊಬ್ಬರ, ಬೆಳಗಿನ ಹೊತ್ತು ದನಗಳಿಗೂ ಮೇಯಲು ಅನುವು, ಇಷ್ಟು ಸಾಕು. ಹೆಣ್ಣುಮಕ್ಕಳಿಗೆ ಗೊತ್ತುಪಡಿಸಿದ ವೇಳೆಯಿರಲಿ, ಆ ವೇಳೆ ಅವರದೇ ಆಗಿರಲಿ. ವರ್ಷದಲ್ಲಿ ಒಂದೆರಡು ರಾತ್ರಿ ಬಯಲಾಟಕ್ಕೂ ಬಿಡಲಿ.

ಸಣ್ಣ ಊರಿನ ತಂಡಗಳು ಗೆಲ್ಲುತ್ತವೆ, ಸೋಲುತ್ತವೆ, ಒಂದು ತಲೆಮಾರು ಮರೆತು ಮತ್ತೊಂದು ತಲೆಮಾರಿನಲ್ಲಿ ಮತ್ತೆ ಹುಟ್ಟುತ್ತವೆ. ನೆಲವಿದ್ದರೆ ಮಾತ್ರ ಈ ಮರುಹುಟ್ಟು ಸಾಧ್ಯ. ಬರುವ ಗ್ರಾಮಸಭೆಯ ನೋಟೀಸು ತಮ್ಮ ಊರಿಗೆ ಬಂದಾಗ ಈ ಪತ್ರಿಕೆಯ ಓದುಗರು ರಸ್ತೆ, ದೀಪ, ಮನೆಗಳ ಅರ್ಜಿಯ ಜತೆಗೆ ಒಂದು ಸರ್ವೆ ನಂಬರನ್ನೂ ಬರೆದು ಒಯ್ಯಲಿ, ಮತ್ತು ಅದನ್ನು ನಡಾವಳಿಯ ಪುಸ್ತಕದಲ್ಲಿ ಬರೆಸದೆ ಮನೆಗೆ ಮರಳದಿರಲಿ.